ಅಮ್ಮನ ಮೂರು ಸಾವಿರ ಹೆಜ್ಜೆ

"ದಿನಕ್ಕೆ ಮೂರು ಸಾವಿರ ಹೆಜ್ಜೇನಾ?" ಪಟಾಕಿ ಕುರ್ಚಿಯಿಂದ ಎದ್ದು ನಿಂತೇಬಿಟ್ಟಳು. "ಅಮ್ಮಂಗೆ ಹುಷಾರಿಲ್ಲ ಮೇಡಂ! ಹುಷಾರಿಲ್ಲದವರಿಗೆ ಯಾರಾದ್ರೂ ಹೋಮ್‌ವರ್ಕ್ ಕೊಡ್ತಾರಾ?"

"ಏಯ್, ಕೂತ್ಕೊಳೇ," ಎಂದು ಅಪ್ಪ ಅವಳ ಫ್ರಾಕಿನ ತುದಿ ಹಿಡಿದು ಎಳೆದ. ಪಟಾಕಿ ಕೂರಲಿಲ್ಲ. ಮನೆಯವರೆಲ್ಲ ಅವಳನ್ನು ಪಟಾಕಿ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ. ಹತ್ತು ವರ್ಷದ ಹುಡುಗಿ, ಮೂಗಿನ ತುದಿಯಲ್ಲೇ ಕೋಪ.

ಅದು ಆಸ್ಪತ್ರೆಯ ಕೆಳಮಹಡಿಯ ಕೋಣೆ. ಗೋಡೆಗೆ ಉದ್ದದ ಕನ್ನಡಿ, ನೆಲಕ್ಕೆ ನೀಲಿ ಚಾಪೆ, ಮೂಲೆಯಲ್ಲಿ ಎಷ್ಟು ತುಳಿದರೂ ಎಲ್ಲಿಗೂ ಹೋಗದ ಒಂದು ಸೈಕಲ್ಲು. ಮೇಜಿನ ಆಚೆ ಕೂತಿದ್ದವರು ರೋಗಿಗಳಿಗೆ ವ್ಯಾಯಾಮ ಹೇಳಿಕೊಡುವ ಫಿಸಿಯೋ ಮೇಡಂ. ಪಟಾಕಿ ಮನಸ್ಸಿನಲ್ಲೇ ಅವರಿಗೆ 'ಡ್ರಿಲ್ ಮೇಡಂ' ಎಂದು ಹೆಸರಿಟ್ಟಾಗಿತ್ತು.

ಅಮ್ಮನಿಗೆ ಕ್ಯಾನ್ಸರ್. ಆಪರೇಷನ್ ಆಗಿ ಮುಗಿದಿತ್ತು. ಇನ್ನು ಎರಡು ವಾರಕ್ಕೆ ಕೀಮೋ ಶುರು. ಕೀಮೋ ಅಂದರೆ ಬಾಟಲಿಯಲ್ಲಿ ತೂಗುಹಾಕಿ, ಹನಿಹನಿಯಾಗಿ ರಕ್ತಕ್ಕೆ ಬಿಡುವ ಜೋರಾದ ಔಷಧಿ. ಅದು ಕಾಯಿಲೆಯನ್ನೂ ಹೊಡೆಯುತ್ತದೆ, ಮನುಷ್ಯರನ್ನೂ ಸುಸ್ತು ಮಾಡುತ್ತದೆ. ಡಾಕ್ಟರೇ ಹೀಗೆ ಹೇಳಿದ್ದರು. ಹಾಗಿದ್ದ ಮೇಲೆ ಅಮ್ಮನನ್ನು ಬೆಚ್ಚಗೆ ಮಲಗಿಸುವುದು ಬಿಟ್ಟು ನಡಿ, ನಡಿ ಅಂದರೆ ಯಾರಿಗೆ ತಾನೇ ಕೋಪ ಬರುವುದಿಲ್ಲ?

"ನಂಗೆ ಜ್ವರ ಬಂದ್ರೆ ನಮ್ಮ ಪಿ.ಟಿ. ಸರ್ರೇ ನೆರಳಲ್ಲಿ ಕೂತ್ಕೋ ಅಂತಾರೆ," ಎಂದಳು ಪಟಾಕಿ.

"ಜ್ವರ ಎರಡು ದಿನಕ್ಕೆ ಹೋಗುತ್ತೆ ಪುಟ್ಟಿ. ಇದು ತಿಂಗಳುಗಟ್ಟಲೆ," ಎಂದರು ಮೇಡಂ. "ಅಷ್ಟೂ ದಿನ ಮಲಗೇ ಇದ್ರೆ ಕಾಲಿನ ಶಕ್ತಿಯೆಲ್ಲ ಕರಗಿಹೋಗುತ್ತೆ. ಸುಸ್ತು ಇನ್ನೂ ಜಾಸ್ತಿಯಾಗುತ್ತೆ. ಈಗಿಂದ್ಲೇ ನಡೆದು ಅಭ್ಯಾಸ ಆದ್ರೆ, ಕೀಮೋ ನಡೀವಾಗ ತಡ್ಕೊಳ್ಳೋದು ಸುಲಭ." ಆಮೇಲೆ ಅಮ್ಮನ ಕಡೆ ತಿರುಗಿದರು. "ಏನು ಕೆಲಸ ಮಾಡ್ತೀರಿ?"

"ಸಿಟಿ ಬಸ್ ಓಡಿಸ್ತೀನಿ ಮೇಡಂ. ಹನ್ನೊಂದು ವರ್ಷ ಆಯ್ತು."

"ಹಾಗಾದ್ರೆ ಕ್ಲಚ್ ತುಳಿಯೋ ಕಾಲು ಬೇಕಲ್ಲ?"

"ಬೇಕೇ ಬೇಕು," ಎಂದಳು ಅಮ್ಮ. "ಇದೆಲ್ಲ ಮುಗಿದ ಮೇಲೆ ಡಿಪೋದಲ್ಲಿ ಫಿಟ್‌ನೆಸ್ ಟೆಸ್ಟ್ ಇದೆ. ಅದರಲ್ಲಿ ಫೇಲಾದ್ರೆ ನನ್ನ ಬಸ್ ಬೇರೆಯವರಿಗೆ ಕೊಟ್ಟುಬಿಡ್ತಾರೆ."

ಮೇಡಂ ಡ್ರಾಯರಿನಿಂದ ಬೆಂಕಿಪೊಟ್ಟಣದಷ್ಟು ಪುಟ್ಟ ಡಬ್ಬಿ ತೆಗೆದರು. ಸೊಂಟಕ್ಕೆ ಸಿಕ್ಕಿಸಿಕೊಂಡರೆ ಅದು ಹೆಜ್ಜೆ ಎಣಿಸುತ್ತದಂತೆ. ಎಷ್ಟೋ ದಿನಗಳ ಲೆಕ್ಕ ಅದರ ಹೊಟ್ಟೆಯಲ್ಲೇ ಇರುತ್ತದಂತೆ. "ದಿನಾ ಸಂಜೆ ನಂಬರ್ ನೋಡಿ ಈ ಚಾರ್ಟಲ್ಲಿ ಬರೆಯೋ ಕೆಲಸ ನಿಂದು ಪುಟ್ಟಿ. ಮೂರು ಸಾವಿರ ಅನ್ನೋದು ಗುರಿ ಅಷ್ಟೇ. ಕಡಿಮೆ ಆದ್ರೆ ಕಡಿಮೆ ಅಂತಲೇ ಬರಿ, ಗೊತ್ತಾಯ್ತಾ?"

ಪಟಾಕಿಗೆ ಗೊತ್ತಾಗಲಿಲ್ಲ. ಕೋಪ ಬಂದಾಗ ಅವಳ ಕಿವಿ ಕೆಲಸ ಮಾಡುವುದಿಲ್ಲ. ಮೂರು ಸಾವಿರ ಎಂಬುದೊಂದೇ ಅವಳ ತಲೆಯಲ್ಲಿ ಗುಂಯ್‌ಗುಡುತ್ತಿತ್ತು.

ಮಾರನೆಯ ದಿನದಿಂದ ಅಮ್ಮ ಶುರುಮಾಡಿದಳು. ಅವರದು ಎರಡನೇ ಮಹಡಿಯ ಮನೆ. ಬಾಗಿಲ ಮುಂದೆ ಉದ್ದನೆಯ ಕಾರಿಡಾರು. ಈ ತುದಿಯಿಂದ ಆ ತುದಿಗೆ ನಲವತ್ತೆರಡು ಹೆಜ್ಜೆ. ಬೆಳಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು ನಡೆಯುವುದು. ನಡುವೆ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು, ಕೂರುವುದು.

"ರೈಟ್, ರೈಟ್! ಹಿಂದಿನವರು ಮುಂದೆ ಬನ್ನಿ!" ಎಂದು ತನ್ನ ಕಂಡಕ್ಟರನ ಧಾಟಿಯಲ್ಲಿ ಕೂಗಿಕೊಂಡು ಹೊರಟ ಅಮ್ಮ, ಸಂಜೆಯ ಹೊತ್ತಿಗೆ ಸೋಫಾದಲ್ಲಿ ಒರಗಿ ಕಣ್ಣು ಮುಚ್ಚಿದ್ದಳು. ಆಪರೇಷನ್ನಿನ ಗಾಯ ಮಾಗಿ ಇನ್ನೂ ಹೆಚ್ಚು ದಿನ ಆಗಿರಲಿಲ್ಲ.

ಪಟಾಕಿ ಡಬ್ಬಿ ನೋಡಿದಳು. ಸಾವಿರದ ನೂರು.

ಕೆಳಗಿನ ಮನೆಯ ದೊಡ್ಡಮ್ಮ ಸಾರಿನ ಪಾತ್ರೆ ಹಿಡಿದು ಬಂದವಳು ಬಾಗಿಲಲ್ಲೇ ಶುರುಮಾಡಿದಳು. "ಏನು ಜನಾನೋ! ಮೈಯಲ್ಲಿ ಹುಷಾರಿಲ್ಲದವಳನ್ನ ಗಾಣದೆತ್ತಿನ ಹಾಗೆ ಸುತ್ತಿಸ್ತಾರಲ್ಲ, ಕರುಳು ಅನ್ನೋದು ಇದೆಯಾ ಅವರಿಗೆ?"

"ಅದನ್ನೇ ನಾನೂ ಹೇಳಿದ್ದು ದೊಡ್ಡಮ್ಮ! ಯಾರೂ ಕೇಳಲಿಲ್ಲ," ಎಂದಳು ಪಟಾಕಿ. ದೊಡ್ಡವರೊಬ್ಬರು ತನ್ನ ಪಕ್ಷಕ್ಕೆ ಸಿಕ್ಕಿದ ಮೇಲೆ ಕೇಳಬೇಕೇ? ಅವಳ ಕೋಪಕ್ಕೆ ಇನ್ನೆರಡು ಕೊಂಬು ಬಂದವು.

ಅವಳು ಡಬ್ಬಿಯನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸ್ಕಿಪ್ಪಿಂಗ್ ಹಗ್ಗ ತೆಗೆದುಕೊಂಡು ತಾರಸಿಗೆ ಓಡಿದಳು. ಒಂದೊಂದು ಜಿಗಿತಕ್ಕೂ ಡಬ್ಬಿಯ ನಂಬರ್ ಏರಿತು. "ಇದು ನಿಮಗೆ! ಇದು ನಿಮ್ಮ ಡಬ್ಬಿಗೆ! ಇದು ನಿಮ್ಮ ಚಾರ್ಟಿಗೆ!" ಎಂದು ಡ್ರಿಲ್ ಮೇಡಮ್ಮನ್ನು ಬೈಯುತ್ತಾ ಬೈಯುತ್ತಾ ಮೂರು ಸಾವಿರ ಮುಟ್ಟಿಸಿದಳು.

"ಎಷ್ಟಾಯ್ತೇ?" ಎಂದು ಅಮ್ಮ ಎದ್ದು ಕೇಳಿದಳು.

"ಮೂರು ಸಾವಿರದ ಹನ್ನೆರಡು!"

"ಹೌದಾ?" ಅಮ್ಮನ ಮುಖ ಅರಳಿತು. "ಅರ್ಧಾನೂ ಆಗಿಲ್ಲ ಅಂದ್ಕೊಂಡಿದ್ದೆ. ಪರವಾಗಿಲ್ವೇ ನಾನು!"

ಆ ಮುಖ ನೋಡಿದ ಮೇಲೆ ಪಟಾಕಿಗೆ ತಾನು ಮಾಡಿದ್ದು ನೂರಕ್ಕೆ ನೂರು ಸರಿ ಅನ್ನಿಸಿತು. ಅಂದಿನಿಂದ ದಿನಾ ಸಂಜೆ ಅದೇ ಕೆಲಸ. ಕೀಮೋ ಶುರುವಾಯಿತು. ಅಮ್ಮನಿಗೆ ಊಟ ಸೇರದಾಯಿತು. ಕೂದಲು ಬಾಚಣಿಗೆಗೇ ಬಂತು. ಕೀಮೋ ಆದ ಮೂರನೆಯ ದಿನ ಡಬ್ಬಿಯಲ್ಲಿ ಬರೀ ಇನ್ನೂರ ಹನ್ನೆರಡು. ಆ ದಿನ ಪಟಾಕಿ ಪಕ್ಕೆ ಹಿಡಿದುಕೊಳ್ಳುವವರೆಗೂ ಜಿಗಿದಳು. ಅಂತೂ ಚಾರ್ಟಿನಲ್ಲಿ ಮೂರು ಸಾವಿರ ಬಿತ್ತು. ಅಮ್ಮ ಡಿಪೋದ ಗೆಳತಿಗೆ ಫೋನ್ ಮಾಡಿ, "ಇವತ್ತು ಕೂಡ ಮೂರು ಸಾವಿರ ಕಣೇ! ಬಸ್ ರೆಡಿ ಇಟ್ಟಿರಿ," ಎಂದು ಕೊಚ್ಚಿಕೊಂಡಳು.

ಎರಡನೆಯ ಕೀಮೋಗೆ ಮೂರು ದಿನ ಮುಂಚೆ, ಶುಕ್ರವಾರ, ಮತ್ತೆ ಅದೇ ಕೋಣೆ, ಅದೇ ಕನ್ನಡಿ. ಮೇಡಂ ಡಬ್ಬಿಯ ಲೆಕ್ಕವನ್ನೂ ಚಾರ್ಟನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಎರಡೂ ತಾಳೆಯಾದವು.

"ಕೀಮೋ ಆದ ಮೂರನೇ ದಿನಾನೂ ಮೂರು ಸಾವಿರ! ಇಂಥವರನ್ನ ನಾನು ನೋಡೇ ಇಲ್ಲ ಬಿಡಿ," ಎಂದರು. "ಸರಿ, ನಾಳೆಯಿಂದ ನಾಲ್ಕೂವರೆ ಸಾವಿರ. ಜೊತೆಗೆ ದಿನಕ್ಕೊಂದು ಸಲ ಒಂದು ಮಹಡಿ ಮೆಟ್ಟಿಲು ಹತ್ತಿ."

ಇದೆಲ್ಲಿಯ ನ್ಯಾಯ? ಕೊಟ್ಟ ಹೋಮ್‌ವರ್ಕ್ ಮಾಡಿ ಮುಗಿಸಿದರೆ, ಬಹುಮಾನವಾಗಿ ಅದರ ಒಂದೂವರೆ ಪಟ್ಟು ಹೋಮ್‌ವರ್ಕ್! ಪಟಾಕಿಯ ಬಾಯಿಗೆ ಬೈಗುಳ ಬಂದಿತ್ತು. ಆದರೆ ಬೈಯಲು ಹೋದರೆ ಎಲ್ಲ ಹೇಳಬೇಕಾಗುತ್ತದೆ. ಅವಳು ಮೊದಲ ಸಲ ಆ ಕೋಣೆಯಲ್ಲಿ ಸುಮ್ಮನೆ ಕೂತಳು.

ಮರುದಿನ ಶನಿವಾರ. ಅಪ್ಪ ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗಿದ್ದ. ಪಟಾಕಿ ಅರ್ಧ ದಿನದ ಶಾಲೆ ಮುಗಿಸಿ ಬಂದಾಗಲೂ ಅಮ್ಮ ಕಾರಿಡಾರಿನಲ್ಲಿ ನಡೆಯುತ್ತಲೇ ಇದ್ದಳು. ತಲೆಗೆ ಕಟ್ಟಿದ್ದ ಬಟ್ಟೆ ಬೆವರಿಗೆ ಒದ್ದೆಯಾಗಿತ್ತು.

"ಸಾಕಮ್ಮ, ಕೂತ್ಕೋ."

"ಮೂರು ಸಾವಿರ ಸಲೀಸಾಗಿ ಮಾಡಿದವಳಿಗೆ ನಾಲ್ಕೂವರೆ ಯಾವ ಲೆಕ್ಕ? ಬಾ, ತಾರಸಿ ಮೆಟ್ಟಿಲು ಹತ್ತೋಣ."

ಒಂಬತ್ತು ಮೆಟ್ಟಿಲಿಗೆ ಒಂದು ತಿರುವು, ಮತ್ತೆ ಒಂಬತ್ತು. ತಿರುವು ದಾಟಿ ಎರಡು ಮೆಟ್ಟಿಲು ಹತ್ತಿದ ಅಮ್ಮ ಕಂಬಿ ಹಿಡಿದುಕೊಂಡಳು. ಹಾಗೇ ಮೆಲ್ಲಗೆ ಕುಸಿದು ಕೂತಳು. ಮುಖ ಬಿಳಿಚಿಕೊಂಡಿತ್ತು.

"ಅಮ್ಮಾ!"

"ಕಣ್ಣು ಕತ್ತಲೆ ಬಂತು ಅಷ್ಟೇ. ನೀರು ತಾ."

ಪಟಾಕಿ ಓಡಿ ಹೋಗಿ ನೀರು ತಂದಳು. ಅಮ್ಮ ಎರಡು ಗುಟುಕು ಕುಡಿದು ಗೋಡೆಗೆ ಒರಗಿದಳು. ಸ್ವಲ್ಪ ಹೊತ್ತಿಗೆ ಮುಖಕ್ಕೆ ಬಣ್ಣ ಬಂತು. ಆದರೆ ಕಣ್ಣಲ್ಲಿ ನೀರಿತ್ತು.

"ಹನ್ನೊಂದು ಮೆಟ್ಟಿಲಿಗೆ ಹೀಗಾಯ್ತಲ್ಲೇ," ಎಂದಳು. "ದಿನಾ ಮೂರು ಸಾವಿರ ನಡೀತಿದ್ದವಳು ನಾನು. ಹಾಗಾದ್ರೆ ಔಷಧಿ ಹಿಡೀತಿಲ್ವೇನೋ. ಒಳಗೆ ಕಾಯಿಲೆ ಜಾಸ್ತಿ ಆಗಿದೆಯೇನೋ."

ಅಷ್ಟು ದೊಡ್ಡ ಬಸ್ಸನ್ನು ಸಂತೆಯಂಥ ರಸ್ತೆಯಲ್ಲಿ ನುಗ್ಗಿಸುವ ಅಮ್ಮ ಹೆದರಿದ್ದನ್ನು ಪಟಾಕಿ ಯಾವತ್ತೂ ನೋಡಿರಲಿಲ್ಲ.

"ಕಾಯಿಲೆ ಜಾಸ್ತಿ ಆಗಿಲ್ಲಮ್ಮ. ಆ ಮೂರು ಸಾವಿರ ನಿಂದಲ್ಲ. ಉಳಿದಿದ್ದನ್ನ ನಾನು ತಾರಸೀಲಿ ಸ್ಕಿಪ್ಪಿಂಗ್ ಆಡಿ ಸೇರಿಸ್ತಿದ್ದೆ. ದಿನಾ."

ಅಮ್ಮ ಅವಳನ್ನೇ ನೋಡಿದಳು. ಆಮೇಲೆ ಮೆಟ್ಟಿಲೆಲ್ಲ ನಡುಗುವ ಹಾಗೆ ಕೂಗಿದಳು. "ಯಾರೇ ನಿಂಗೆ ಹೇಳಿದ್ದು? ಯಾರು ಕೇಳಿದ್ರು ನಿನ್ನ?"

ಕಾಯಿಲೆ ಬಂದ ಮೇಲೆ ಅಮ್ಮ ಬೈದದ್ದು ಇದೇ ಮೊದಲು. ಪಟಾಕಿಯೂ ಸಿಡಿದಳು. "ನಿಂಗೋಸ್ಕರ ತಾನೇ ಮಾಡಿದ್ದು! ಕಾಲು ನೋಯೋವರೆಗೂ ಹಾರಿದ್ದೀನಿ! ನೀನು ಮಲಕ್ಕೊಳ್ಲಿ ಅಂತ!"

"ನಾನು ಮಲಗ್ತೀನಿ ಅಂದ್ನಾ? ಅಡುಗೆ ನಿಮ್ಮಪ್ಪ ಮಾಡ್ತಾರೆ. ಬಟ್ಟೆ ದೊಡ್ಡಮ್ಮ ಒಗೀತಾಳೆ. ಸೂಜಿ ನರ್ಸ್ ಚುಚ್ತಾಳೆ, ಔಷಧಿ ಡಾಕ್ಟರ್ ಬರೀತಾರೆ. ಎಲ್ಲರೂ ಮಾಡೋದನ್ನ ಮಾಡಿಸ್ಕೊಂಡು ಕೂತಿರ್ತೀನಿ ನಾನು. ನಂಗೆ ಅಂತ ಉಳಿದಿದ್ದು ಈ ನಡೆಯೋದೊಂದೇ. ಅದನ್ನೂ ಕಿತ್ಕೊಂಡ್ಯಲ್ಲೇ! ಸುಳ್ಳು ನಂಬರ್ ನಂಬಿ ಊರಿಗೆಲ್ಲ ಫೋನ್ ಮಾಡಿ ಹೇಳಿದ್ನಲ್ಲೇ!"

ಪಟಾಕಿ ಕೆಳಗಿನ ಮೆಟ್ಟಿಲಲ್ಲಿ ಕೂತು ಅತ್ತಳು. ಅಮ್ಮ ಸಮಾಧಾನ ಮಾಡಲಿಲ್ಲ.

ಕೊನೆಗೆ ಅಮ್ಮ ಕೇಳಿದಳು. "ನಿಜವಾಗ್ಲೂ ಎಷ್ಟು ನಡೀತಿದ್ದೆ ನಾನು?"

"ಮೊದಲನೇ ದಿನ ಸಾವಿರದ ನೂರು," ಪಟಾಕಿ ಮೂಗೊರೆಸಿಕೊಂಡಳು. "ಕೀಮೋ ಆದ ಮೂರನೇ ದಿನ ಇನ್ನೂರ ಹನ್ನೆರಡು. ಆವತ್ತು ನಂಗೆ ಪಕ್ಕೆ ಹಿಡ್ಕೊಂಡ್ಬಿಡ್ತು. ಆಮೇಲೆ ಎಂಟುನೂರು. ಆಮೇಲೆ ಸಾವಿರದ ನಾನೂರು ಇರಬೇಕು. ಈ ವಾರ ದಿನಾ ಎರಡು ಸಾವಿರದ ಹತ್ತಿರ. ಗುರುವಾರ ಅಂತೂ ನಾನು ಹಾರಿದ್ದು ಒಂಬೈನೂರೇ. ಬೆವರು ಕೂಡ..."

ಅವಳ ಮಾತು ಅಲ್ಲಿಗೇ ನಿಂತಿತು. ಮೊದಮೊದಲು ಹಾರಿ ಹಾರಿ ಕಾಲು ಬಿದ್ದುಹೋಗುತ್ತಿತ್ತು. ಈಚೆಗೆ ಹಾರುವುದು ಬೇಗ ಮುಗಿಯುತ್ತಿತ್ತು. ಯಾಕೆ ಎಂದು ಅವಳು ಒಂದು ದಿನವೂ ಯೋಚಿಸಿರಲಿಲ್ಲ.

"ಅಮ್ಮ," ಎಂದಳು ಮೆಲ್ಲಗೆ. "ನಂಗೆ ಹಾರೋಕೆ ಕಡಿಮೆ ಉಳೀತಾ ಬಂತು."

ಅಮ್ಮ ಬೆರಳು ಮಡಿಸುತ್ತಾ ಮನಸ್ಸಿನಲ್ಲೇ ಮತ್ತೆ ಲೆಕ್ಕ ಹಾಕಿದಳು. ಇನ್ನೂರ ಹನ್ನೆರಡು. ಎಂಟುನೂರು. ಸಾವಿರದ ನಾನೂರು. ಎರಡು ಸಾವಿರ. ಅವಳ ತುಟಿಯ ಮೂಲೆ ಒಂದು ಚೂರು ಮೇಲೇರಿತು.

ಆಮೇಲೆ ಮೊಬೈಲ್ ತರಿಸಿ, ಪಟಾಕಿಯ ಕೈಯಿಂದಲೇ ಆಸ್ಪತ್ರೆಗೆ ಫೋನ್ ಮಾಡಿಸಿದಳು. ಪಟಾಕಿಯೇ ಎಲ್ಲವನ್ನೂ ಹೇಳಬೇಕಾಯಿತು. ಡ್ರಿಲ್ ಮೇಡಂ ಮೊದಲು ಅಮ್ಮನಿಗೆ ಜ್ವರ ಇದೆಯಾ, ಎದೆ ನೋಯುತ್ತಾ ಎಂದು ಕೇಳಿದರು. ಇಲ್ಲ ಎಂದು ಗೊತ್ತಾದ ಮೇಲೆ ಅವರ ದನಿ ಏರಿತು. "ನಿನ್ನ ನಂಬರ್ ನಂಬಿ ನಾನು ಮೆಟ್ಟಿಲು ಹತ್ತಿಸಿದೆ ಪುಟ್ಟಿ! ನನ್ನ ಮೇಲೆ ಕೋಪ ಇದ್ರೆ ನಂಗೆ ಬೈ. ಡಬ್ಬಿಗೆ ಸುಳ್ಳು ಹೇಳ್ಬೇಡ." ಇವತ್ತು ಇಷ್ಟೇ ಸಾಕು, ಕೀಮೋಗೆ ಬಂದಾಗ ಡಾಕ್ಟರಿಗೂ ತಿಳಿಸಿ ಹೊಸ ಗುರಿ ಹಾಕೋಣ ಎಂದರು. ಪಟಾಕಿ "ಹ್ಞೂಂ ಮೇಡಂ," ಎಂದಳು. ಮನಸ್ಸಿನಲ್ಲೂ ಬೈಯಲಿಲ್ಲ.

ಅಷ್ಟರಲ್ಲಿ ಕೂಗಾಟವನ್ನೂ ಫೋನಿನ ಮಾತನ್ನೂ ಕೇಳಿಸಿಕೊಂಡ ದೊಡ್ಡಮ್ಮ ಪ್ಲಾಸ್ಟಿಕ್ ಕುರ್ಚಿ ಹೊತ್ತುಕೊಂಡು ಏದುಸಿರು ಬಿಡುತ್ತಾ ಬಂದಳು. "ಅಯ್ಯೋ, ನಾನು ಆವತ್ತೇ ಬಡ್ಕೊಂಡೆ! ಏಳಬೇಡ, ಅಲ್ಲಾಡಬೇಡ! ಪಕ್ಕದ ಮನೆಯವರನ್ನ ಕರೀತೀನಿ. ಕುರ್ಚೀಲಿ ಕೂರಿಸಿ ಎತ್ಕೊಂಡೇ ಇಳಿಸೋಣ."

ಪಟಾಕಿ ಮೆಟ್ಟಿಲಿಗೆ ಅಡ್ಡ ನಿಂತಳು. "ಯಾರೂ ಎತ್ತೋದು ಬೇಡ."

"ಏನೇ ಇದು, ಜಾಗ ಬಿಡೇ!"

"ಅಮ್ಮನೇ ಇಳೀತಾಳೆ ದೊಡ್ಡಮ್ಮ! ಅಮ್ಮಂಗೆ ಕಾಲಿದೆ!"

ದೊಡ್ಡಮ್ಮ ಕುರ್ಚಿ ಕೆಳಗಿಟ್ಟಳು. ಅಮ್ಮ ಕಂಬಿ ಹಿಡಿದು ಎದ್ದಳು. ಒಂದು ಮೆಟ್ಟಿಲು ಇಳಿದಳು. ನಿಂತಳು. ಪಟಾಕಿಯ ಕೈ ತಾನಾಗಿಯೇ ಮುಂದೆ ಹೋಯಿತು. ಅವಳು ಅದನ್ನು ಹಿಂದಕ್ಕೆ ಎಳೆದುಕೊಂಡು, ಅಮ್ಮನಿಗಿಂತ ಒಂದು ಮೆಟ್ಟಿಲು ಕೆಳಗೆ, ಅಮ್ಮನಷ್ಟೇ ನಿಧಾನವಾಗಿ ಇಳಿದಳು. ಹನ್ನೊಂದು ಮೆಟ್ಟಿಲಿಗೆ ಎಷ್ಟು ಹೊತ್ತು ಹಿಡಿಯಿತೋ ಹಿಡಿಯಿತು.

"ಇನ್ಮೇಲೆ ಡಬ್ಬಿ ನನ್ನ ಹತ್ರಾನೇ ಇರುತ್ತೆ," ಎಂದಳು ಅಮ್ಮ, ಹಾಸಿಗೆಯಲ್ಲಿ ಕಾಲು ಚಾಚುತ್ತಾ. ದನಿಯಲ್ಲಿ ಇನ್ನೂ ಸಿಟ್ಟಿತ್ತು. "ನಾನು ಹೇಳ್ತೀನಿ, ನೀನು ಬರಿ."

ಸಂಜೆ ಅಪ್ಪ ಬಂದ. ಗೋಡೆಯ ಚಾರ್ಟಿನ ಮುಂದೆ ನಿಂತು ಹುಬ್ಬು ಗಂಟಿಕ್ಕಿದ. "ದಿನಾ ಮೂರು ಸಾವಿರ ಇರ್ತಿತ್ತು. ಇವತ್ತು ಇಷ್ಟೇನಾ?"

"ಇಷ್ಟೇನಾ ಅಂದ್ರೆ ಏನಪ್ಪಾ?" ಪಟಾಕಿ ಸೊಂಟದ ಮೇಲೆ ಕೈಯಿಟ್ಟುಕೊಂಡು ತಿರುಗಿದಳು. "ನೀನು ಕೀಮೋ ತಗೊಂಡು ನಡೆದು ನೋಡು, ಆಮೇಲೆ ಹೇಳು ಇಷ್ಟೇನಾ ಅಂತ!"

ಅಪ್ಪ ಎರಡೂ ಕೈ ಮೇಲೆತ್ತಿ ಅಡುಗೆಮನೆಗೆ ಜಾರಿಕೊಂಡ.

"ಪಟಾಕಿ," ಕೋಣೆಯಿಂದ ಅಮ್ಮನ ದನಿ ಬಂತು. "ಎಷ್ಟಂತ ಬರೆದೆ? ಇನ್ನೊಂದು ಸಲ ಓದು."

"ಎರಡು ಸಾವಿರದ ಮುನ್ನೂರ ಏಳು," ಎಂದು ಪಟಾಕಿ ಗಟ್ಟಿಯಾಗಿ ಓದಿದಳು. ಆ ಏಳನ್ನೂ ಬಿಡಲಿಲ್ಲ.