ಸರತಿಯಂತ್ರ ಮತ್ತು ಇಬ್ಬರು ದುಂಡವ್ವ

"ಚಂದ್ರನ ಮ್ಯಾಲ ಮೊದಲ ಒಲಿ ಹಚ್ಚಿದಾಕಿ ನಾನ!" ಬಿಸಿನೀರಿನ ಸಾಲಿನ ಕೊನೆಯಲ್ಲಿ ನಿಂತು ಮುದುಕಿ ದುಂಡವ್ವ ಜಂಬ ಕೊಚ್ಚಿದಳು. ಯಾರೂ ತಿರುಗಿ ನೋಡಲಿಲ್ಲ. "ಅರ್ಧಾ ಸುಳ್ಳ ಬಿಡ್ರಿ. ಹಚ್ಚಾಕ ಹೋಗಿದ್ದೆ, ಗಾಳಿ ಇರಲಿಲ್ಲ, ಹತ್ತಲಿಲ್ಲ."

ನೆತ್ತಿಯ ಮೇಲೆ ಸರತಿಯಂತ್ರ ಗುಂಯ್‌ಗುಡುತ್ತಿತ್ತು. ಚಂದ್ರನೂರಿನಲ್ಲಿ ಬಿಸಿನೀರು ದಿನಕ್ಕೊಮ್ಮೆ ಮಾತ್ರ. ಸಾಲಿನ ಜಗಳ ತಪ್ಪಿಸಲು ವಿಜ್ಞಾನಿ ಹಂಚಿನಾಳ ಕಟ್ಟಿದ ಈ ಯಂತ್ರ ಜನರನ್ನು ಕೊಡದ ಸಮೇತ ಎತ್ತಿ ಬೇರೆ ಕ್ರಮದಲ್ಲಿ ಇಳಿಸುತ್ತಿತ್ತು.

"ತಮ್ಮಾ, ಸಾಲು ತಿರುವಿ ಹಾಕೋ! ಬಾಣಂತಿ ಮೊಮ್ಮಗಳು ಮೈತುಂಬ ಎಣ್ಣಿ ಹಚ್ಕೊಂಡು ಕುಂತಾಳ. ನೀರು ತಡ ಆದ್ರ ಜಾರಿ ಭೂಮಿಗೇ ಬಿದ್ದಾಳು!" ದುಂಡವ್ವ ಹಂಚಿನಾಳನಿಗೆ ಕೂಗಿ ಹೇಳಿದಳು.

ಹಂಚಿನಾಳ ತನ್ನ ಗೂಡಿನೊಳಗೆ 'ತಿರುಗಿಸು' ಗುಂಡಿ ಒತ್ತಿದ. ದುಂಡವ್ವ ಹಾರಿ ಮುಂದೆ ಬಿದ್ದಳು. ಆದರೆ ಅವನ ಪರದೆ ಖಾಲಿ. ಕೆಲಸ ಆಗಿಲ್ಲವೆಂದು ಮತ್ತೆ ಒತ್ತಿದ. ದುಂಡವ್ವ ಹಾರಿ ಹಿಂದೆ ಬಿದ್ದಳು.

"ಏ ಮೂಳ, ಮುಂದ ಇದ್ನೆಲ್ಲೋ!"

ಹಂಚಿನಾಳ ಹೊರಗೆ ಬಂದು ತಲೆ ಕೆರೆದುಕೊಂಡ. "ಆಯಿ, ಇದರ ಆಜ್ಞೆ ಬರೆದವ್ರು ಇಬ್ರು. 'ತಿರುಗಿಸು' ಅಂದ್ರ ಇದ್ದ ಸಾಲೇ ಬದಲಾಗತೈತಿ, ಆದ್ರ ಪರದಿಗೆ ತಿರುಗಿ ಏನೂ ಕೊಡಂಗಿಲ್ಲ, ಅದಕ್ಕ ಎರಡು ಸಲ ಒತ್ತಿಬಿಟ್ಟೆ. 'ಜೋಡಿಸು' ಅಂದ್ರ ಇದ್ದ ಸಾಲು ಮುಟ್ಟಂಗಿಲ್ಲ, ಹೊಸಾ ಸಾಲೇ ಮಾಡಿ ಕೊಡತೈತಿ."

"ಇಬ್ರೂ ಒಂದಿನ ಕೂತು ಮಾತಾಡಲಿಲ್ಲೇನು?"

"ಗಂಡ ಹೆಂಡ್ತಿ, ಆಯಿ. ಆಗ ಮಾತು ಬಿಟ್ಟಿದ್ರು."

"ಹಂಗಾರ ಜೋಡಿಸು ಒತ್ತು. ಮುದುಕೇರು ಮುಂದ!"

ಅವಸರದಲ್ಲಿ ಒತ್ತಿಯೇಬಿಟ್ಟ. ಹಳೆಯ ಸಾಲು ಕದಲಲಿಲ್ಲ. ಯಂತ್ರ ಚಂದ್ರನ ಧೂಳನ್ನು ಅಣು ಅಣುವಾಗಿ ಹೆಣೆದು ಪಕ್ಕದಲ್ಲೇ ಇನ್ನೊಂದು ಸಾಲು ನಿಲ್ಲಿಸಿತು. ಅದರ ಮೊದಲಿಗೆ ಕೊಡ ಹಿಡಿದ ಇನ್ನೊಬ್ಬ ದುಂಡವ್ವ! ಅವಳು ನೀರು ತುಂಬಿಕೊಂಡು ಹೊರಟೇಬಿಟ್ಟಳು. ಮೊದಲಿನ ದುಂಡವ್ವ ಖಾಲಿ ಕೊಡ ಬಿಸಾಡಿ ಬೆನ್ನಟ್ಟಿದಳು.

"ಯಾರಾಕಿ ನೀ?"

"ಚಂದ್ರನ ಮ್ಯಾಲ ಮೊದಲ ಒಲಿ ಹಚ್ಚಿದಾಕಿ!"

"ಅರ್ಧಾ ಸುಳ್ಳ!"

ಇಬ್ಬರೂ ಬಿದ್ದು ಬಿದ್ದು ನಕ್ಕರು. ಗಂಡ ಸತ್ತ ಮೇಲೆ ದುಂಡವ್ವನ ಮಾತಿಗೆ ಸರಿಸಾಟಿಯಾಗಿ ಉತ್ತರ ಕೊಟ್ಟವರೇ ಇರಲಿಲ್ಲ. ಇಬ್ಬರೂ ಮನೆಗೆ ಹೋಗಿ, ಒಬ್ಬಳು ಬಾಣಂತಿಯ ಬೆನ್ನುಜ್ಜಿದಳು, ಒಬ್ಬಳು ನೀರೆರೆದಳು. ಬಾಣಂತಿ ಹಬೆಯಲ್ಲಿ ಕಣ್ಣು ಮುಚ್ಚಿಕೊಂಡು, ಆಯಿಗೆ ಇವತ್ತು ಕೈ ನಾಲ್ಕಾಗಿವೆ ಎಂದುಕೊಂಡಳು.

ಅಷ್ಟರಲ್ಲಿ ಹಂಚಿನಾಳ ಏದುಸಿರು ಬಿಡುತ್ತ ಬಂದ. "ಎರಡು ಸಾಲಿಗೆ ನೀರು ಸಾಲಂಗಿಲ್ಲ, ಹೊಸಾ ಸಾಲು ಕರಗಿಸ್ರಿ ಅಂತ ಮ್ಯಾಲಿನವರಿಂದ ಆಜ್ಞೆ ಬಂದೈತಿ. ನಿಮ್ಮೊಳಗ ಖರೇ ದುಂಡವ್ವ ಯಾರು?"

ಇಬ್ಬರೂ ಒಟ್ಟಿಗೆ ಕೈ ಎತ್ತಿ, ಒಬ್ಬರನ್ನೊಬ್ಬರು ತೋರಿಸಿದರು. "ಆಕಿನ!"

ಮರುದಿನದಿಂದ ಚಂದ್ರನೂರಿಗೆ ಬಿಸಿನೀರು ಎರಡು ಹೊತ್ತು ಬರತೊಡಗಿತು, ಒಂದು ಹೊತ್ತು ಹಳೆಯ ಸಾಲಿಗೆ, ಒಂದು ಹೊತ್ತು ಹೊಸ ಸಾಲಿಗೆ. ಹಂಚಿನಾಳ ಯಾವ ಗುಂಡಿ ಒತ್ತಿದ, ಯಾವುದನ್ನು ಒತ್ತಲಿಲ್ಲ, ಇನ್ನು ನೀವೇ ಹೇಳಿ ನೋಡೋಣ.