ಕೆಂಪು ನೆಲದ ಗೆರೆ

"ಅಲ್ಲೇ ನಿಂತ್ಕೋಮ್ಮ."

ಹೊಸ್ತಿಲು ದಾಟಿ ಒಳಗೆ ಬಂದಿದ್ದ ಬಸವರಾಜೇಶ್ವರಿ ಥಟ್ಟನೆ ನಿಂತಳು.

ತಾನು ಮದುವೆಯಾಗಬೇಕೆಂದಿದ್ದ ಸೇತುರಾಮನ ತಾಯಿಯನ್ನು ಅವಳು ನೋಡುತ್ತಿದ್ದುದು ಅದೇ ಮೊದಲು. ಅನಂತಲಕ್ಷ್ಮಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೇ ಚೆನ್ನಾಗಿತ್ತೇನೋ...

ವಿಜಯನಗರದಲ್ಲಿ ಆಗಿನ್ನೂ ಅಲ್ಲೊಂದು ಇಲ್ಲೊಂದು ಮನೆ ಏಳುತ್ತಿದ್ದ ಎಪ್ಪತ್ತರ ದಶಕ. ಸೇತುರಾಮ ಕಟ್ಟಿಸುತ್ತಿದ್ದ ಮನೆ ಪುಟ್ಟದು. ಹಾಲ್‌ಗೂ ಅಡುಗೆಮನೆಗೂ ನಡುವೆ ಗೋಡೆಯೇ ಇಲ್ಲ. ಕೆಲಸ ಮುಗಿಯುವ ಮುನ್ನವೇ ತಾಯಿ ಮಗ ಬಂದು ಸೇರಿದ್ದರು. ಹಾಲ್‌ಗೆ ಕೆಂಪು ಕಾವಿಯ ಗಾರೆ ನೆಲ ಹಾಕಿಯಾಗಿತ್ತು. ಅಡುಗೆಮನೆಯ ನೆಲವನ್ನು ನೀನೇ ಆರಿಸಬೇಕೆಂದು, ಒಂದೇ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದ ಅವಳನ್ನು ಅವನೇ ಕರೆದಿದ್ದ.

ಬಸ್ಸಿನುದ್ದಕ್ಕೂ ಅವಳು ಅದನ್ನೇ ಯೋಚಿಸಿದ್ದಳು. ಮೊಸಾಯಿಕ್ ಬೇಡ. ಅದೇ ಕೆಂಪು ಒಲೆಯವರೆಗೂ ಹರಿದರೆ ಇಡೀ ಮನೆ ದೊಡ್ಡದಾಗಿ ಕಾಣುತ್ತದೆ...

ಆದರೆ ಅಲ್ಲಿ ಕಡಪಾ ಕಲ್ಲುಗಳು ಆಗಲೇ ಬಂದು ಗೋಡೆಗೆ ಒರಗಿದ್ದವು. ಕರ್ರಗೆ.

"ಗೋಡೆ ಇಲ್ವಲ್ಲಮ್ಮ, ಗುರುತಿಗೆ ಇರ್ಲಿ ಅಂತ ತರಿಸ್ದೆ," ಎಂದರು ಅನಂತಲಕ್ಷ್ಮಮ್ಮ. "ಕರಿ ಕಲ್ಲಿನ ಮೇಲೆ ನನ್ನ ಮಡಿ. ನೀನು ಬೇರೆ ಜನ. ಕೆಂಪಿನ ಮೇಲೇ ಇದ್ಬಿಡು."

ಅವಳು ಸೇತುರಾಮನತ್ತ ನೋಡಿದಳು. ಅವನು ನೆಲ ನೋಡುತ್ತಿದ್ದ.

"ನಿಮಗೆ ಗೊತ್ತಿತ್ತಾ?"

"ಅಮ್ಮ ಇರೋವರೆಗೆ ಸ್ವಲ್ಪ ಹೊಂದ್ಕೊಂಡು ಹೋಗೋಣ, ರಾಜೇಶ್ವರಿ..."

"ನನ್ನ ಮನೇಲಿ ನಂಗೆ ಬಾಯಾರಿದ್ರೆ, ಒಂದು ಲೋಟ ನೀರು ಯಾರನ್ನ ಕೇಳ್ಲಿ?"

ಅವನು ತಿರುಗಿ ಒರಗಿಸಿದ್ದ ಕಲ್ಲುಗಳನ್ನು ಸರಿಮಾಡತೊಡಗಿದ.

ಅವಳು ಹೊರಗೆ ಬಂದಾಗ ಹನಿ ಶುರುವಾಗಿತ್ತು. ಹಗ್ಗದ ಮೇಲೆ ಅನಂತಲಕ್ಷ್ಮಮ್ಮನ ಮಡಿಸೀರೆ ನೆನೆಯತೊಡಗಿತ್ತು. ಬಸವರಾಜೇಶ್ವರಿಗೆ ಕಣ್ಣು ತುಂಬಿ ದಾರಿಯೇ ಕಾಣುತ್ತಿರಲಿಲ್ಲ. ಆದರೂ ನಿಂತಳು. ಕೈ ತಾಗಿದರೆ ಆ ಮುದಿಜೀವ ಮತ್ತೆ ಒಗೆಯಬೇಕು ಎಂಬುದು, ರಾಜಾಜಿನಗರದ ವಠಾರದಲ್ಲಿ ಮಡಿ ಹೆಂಗಸರ ನೆರೆಯಲ್ಲಿ ಬೆಳೆದವಳಿಗೆ ಗೊತ್ತಿತ್ತು. ಮೂಲೆಯಲ್ಲಿದ್ದ ಮಡಿಕೋಲಿನಿಂದ ಸೀರೆಯನ್ನೆತ್ತಿ, ಎಲ್ಲೂ ಸೋಕದಂತೆ ಸೂರಿನಡಿಯ ಬಿದಿರ ಗಳುವಿಗೆ ದಾಟಿಸಿ, ಕೋಲನ್ನು ಇದ್ದಲ್ಲೇ ಒರಗಿಸಿ ಮಳೆಯಲ್ಲೇ ನಡೆದುಬಿಟ್ಟಳು.

ಕಿಟಕಿಯಲ್ಲಿ ಯಾರೋ ನಿಂತಿದ್ದುದನ್ನು ಅವಳು ನೋಡಲಿಲ್ಲ.

ಆಷಾಢ ಕಳೆಯಿತು, ಶ್ರಾವಣವೂ ಕಳೆಯಿತು. ಆಫೀಸಿನಲ್ಲಿ ಅವಳು ಊಟದ ಡಬ್ಬಿ ಹಿಡಿದು ಬೇರೆ ಮೇಜಿಗೆ ಹೋಗತೊಡಗಿದಳು. ಅವನು ಹತ್ತಿರ ಬರುವನು, ಏನೋ ಹೇಳಹೊರಟು ಹಿಂದಿರುಗುವನು. 'ಕಲ್ಲು ಕೂರಿಸಿಯಾಗಿರುತ್ತೆ. ಇನ್ನೇನು ಹೇಳಬೇಕು?' ಎಂದುಕೊಳ್ಳುವಳು. ದಾವಣಗೆರೆಯ ಕಡೆಯಿಂದ ಒಂದು ಸಂಬಂಧ ಬಂತು. ಮನೆಯಲ್ಲಿ ಎಲ್ಲರಿಗೂ ಒಪ್ಪಿಗೆ. ಅವಳು ಮಾತ್ರ ಇವತ್ತು ನಾಳೆ ಎಂದು ಮುಂದೂಡಿದಳು. ಭಾನುವಾರದೊಳಗೆ ಉತ್ತರ ಕೊಡು ಎಂದರು ಅಪ್ಪ.

ಶನಿವಾರ ಸಂಜೆ ಬಸ್‌ಸ್ಟಾಪಿನಲ್ಲಿ ಸೇತುರಾಮ ಎದುರು ನಿಂತ. ತುಂಬಾ ಇಳಿದುಹೋಗಿದ್ದ.

"ಅಮ್ಮ ಕರೀತಿದಾರೆ. ನೆಲ ನೋಡೋಕೆ."

ಅವತ್ತೇ ಕಲ್ಲು ವಾಪಸ್ಸು ಕಳಿಸಿದೆ, ಎಂದ. ಅಮ್ಮ ಇಷ್ಟು ದಿನ ಹಸಿಮಣ್ಣಿನ ಮೇಲೇ ಒಲೆ ಹೂಡಿದರಂತೆ. ತಾಯಿ ಮಗನಿಗೆ ಮಾತೇ ಇರಲಿಲ್ಲವಂತೆ. ಹೇಳಲು ಒಳ್ಳೆಯ ಸುದ್ದಿ ಇಲ್ಲದೆ ಯಾವ ಮುಖ ಹೊತ್ತು ಬರಲಿ, ಎಂದ. ಕಡೆಗೆ ಹೋದ ವಾರ ಅಮ್ಮನೇ ಗಾರೆ ಕೆಲಸದ ವೆಂಕಟಸ್ವಾಮಿಯನ್ನು ಕರೆಸಿದರಂತೆ.

ಅವನ ಜೊತೆ ಹೋದವಳು ಬಾಗಿಲಲ್ಲಿ ತಾನಾಗಿಯೇ ನಿಂತಳು. ಒಲೆಯವರೆಗೂ ಕೆಂಪು.

"ಮಳೇಲಿ ಅಳ್ತಾ ಹೋಗೋಳು ನನ್ನ ಸೀರೆ ಮಡಿ ಕಾಪಾಡಿ ಹೋದ್ಯಲ್ಲೇ," ಎಂದರು ಅನಂತಲಕ್ಷ್ಮಮ್ಮ, ಅವಳ ಮುಖ ನೋಡದೆ. "ಆಮೇಲೆ ಯಾವತ್ತು ಆ ಸೀರೆ ಉಟ್ರೂ ಅನ್ನ ಸೇರ್ಲಿಲ್ಲ. ಸ್ನಾನ ಮಾಡಿ ಬಾ, ನಿಂಗೂ ಮಡಿನೇ. ಅದಕ್ಕಿಂತ ಹೆಚ್ಚಿಗೆ ಈ ವಯಸ್ಸಲ್ಲಿ ನನ್ನ ಕೈಲಾಗಲ್ಲ ಕಣಮ್ಮ."

ಅವರು ಹಿತ್ತಲಿಗೆ ಹೊರಟುಹೋದರು.

ಬೇರೆ ಬೇರೆ ದಿನ ಹಾಕಿದ ಗಾರೆ. ಹಾಲ್ ಮುಗಿಯುವಲ್ಲಿ ಕೂದಲೆಳೆಯಂಥ ಗೆರೆಯೊಂದು ಉಳಿದಿತ್ತು.

"ಎಷ್ಟು ತಿಕ್ಕಿದ್ರೂ ಹೋಗ್ಲಿಲ್ಲ," ಎಂದ ಸೇತುರಾಮ. "ಅವತ್ತು ನಾನು ಬಾಯಿ ಬಿಡಬೇಕಿತ್ತು, ರಾಜೇಶ್ವರಿ. ನೀನಿಲ್ದೆ ನಂಗೆ ಇದು ಮನೆ ಅನ್ನಿಸ್ತಿಲ್ಲ."

ಅವಳು ಬಾಗಿ ಗೆರೆಯ ಮೇಲೆ ಬೆರಳಾಡಿಸಿದಳು.

"ಓಡಾಡ್ತಾ ಓಡಾಡ್ತಾ ಮಾಸುತ್ತೆ."

"ನೀನು... ಓಡಾಡ್ತೀಯಾ?"

"ಬಾಯಾರಿದೆ," ಎಂದಳು.

ಅವನು ಲೋಟ ತರಲು ಹೊರಟ. ಅವಳು ಕೈಯಡ್ಡ ಹಿಡಿದಳು.

"ಬೇಡ. ಸ್ನಾನ ಮಾಡಿ ಬಂದು ನಾನೇ ತಗೋತೀನಿ. ನಿಮಗೂ ಒಂದು ಲೋಟ ತರ್ಲಾ?"