ಕೈ ಹಿಂತೆಗೆದವನು

"ನಾ ಮುಟ್ಟೂದಿಲ್ರಿ."

ಪಾರಿಸ ಹಾಗೆಂದು ಎರಡೂ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡಾಗ ಪಡಸಾಲೆಯಲ್ಲಿ ಮಾತು ನಿಂತೇ ಹೋಯಿತು. ಮಂಗಲ ತಾಯಿಯ ಮುಖ ನೋಡಿದಳು.

ಅಂಕಲಿಯ ಸುತ್ತ ಹತ್ತೂರಿಗೂ ಅದರ ಅರ್ಥ ಗೊತ್ತಿತ್ತು. ದಿಗ್ಗೇವಾಡಿಯ ಜಿನ್ನಪ್ಪನ ಮನೆಯವರು ಮೂರು ತಲೆಮಾರಿನಿಂದ ಮುರಿದ ಎಲುಬು ಕಟ್ಟುವವರು. ಅವರು ಕಟ್ಟಿದರೆ ಕೂಡುತ್ತದೆ. ಅವರು ಕೈ ಹಿಂತೆಗೆದರೆ ಆ ಜೀವ ಉಳಿಯುವುದಿಲ್ಲ. ಅಂಥ ಮನೆಯಲ್ಲಿ ಅವರು ನೀರೂ ಕುಡಿಯುವುದಿಲ್ಲ, ಮತ್ತೆ ಹೊಸ್ತಿಲೂ ತುಳಿಯುವುದಿಲ್ಲ.

ಪಾರಿಸ ಆ ಜಿನ್ನಪ್ಪನ ಮಗ.

ಮಂಚದ ಮೇಲಿದ್ದವಳು ಮಂಗಲಳ ತಾಯಿ ಲಕ್ಷ್ಮಿಬಾಯಿ. ನಾಲ್ಕು ವರ್ಷದ ಹಿಂದೆ, ತೊಂಬತ್ತನೆಯ ಇಸವಿಯಲ್ಲಿ, ಮಿರಜಿನ ದವಾಖಾನೆಯಲ್ಲಿ ತೊಡೆಯ ಬುಡದ ಸವೆದ ಕೀಲು ತೆಗೆದು ಸ್ಟೀಲಿನದು ಹಾಕಿದ್ದರು. ನಿನ್ನೆ ಅವಳು ಬಚ್ಚಲಲ್ಲಿ ಜಾರಿ ಬಿದ್ದಿದ್ದಳು.

"ಸ್ಟೀಲ್ ಎಲ್ಲ್ಯರ ಮುರಿತೈತೇನೋ ಹುಚ್ಚಾ?" ಮಂಗಲಳ ಚಿಕ್ಕಪ್ಪ ಶ್ರೀಪಾಲ ಕಾಕಾ ರೇಗಿದರು. "ಉಳುಕೈತಿ, ಅಷ್ಟ. ಎಣ್ಣಿ ಹಚ್ಚಿ ಒಂದ್ಸಲ ಜಗ್ಗು."

"ಮಿರಜಿಗೆ ಒಯ್ರಿ. ಇವತ್ತ ಒಯ್ರಿ."

ಅಷ್ಟು ಹೇಳಿ ಅವನು ಹೊರಟ. ಮಂಗಲ ಅಂಗಳದವರೆಗೆ ಹಿಂದೆಯೇ ಓಡಿದಳು. ಕನ್ನಡ ಶಾಲೆಯ ಮಾಸ್ತರಿಣಿ ಅವಳು, ಇನ್ನೂ ಮದುವೆಯಾಗದವಳು, ಯಾರಿಗೂ ಎದುರಾಡಿದವಳಲ್ಲ.

"ಅವ್ವನ ಮುಂದ ಹಂಗ ಅನಬಾರದಿತ್ರಿ. ನೀವು ಎಲುಬ ಕಟ್ಟಾವ್ರಲ್ಲ, ಜೀವಾ ಮುರಿಯಾವ್ರು."

ಪಾರಿಸ ಸೈಕಲ್ ಹತ್ತಿ ಹೋಗಿಬಿಟ್ಟ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಓಣಿ ದಾಟಿತ್ತು. ಉಗಾರ ಬುದ್ರುಕಿನಿಂದ ನೆಂಟರು ಬಂದಿಳಿದರು. ಕೈಯಲ್ಲಿ ಹಣ್ಣಿಲ್ಲ, ಹೂವಿಲ್ಲ... ಸಾವಿನ ಮನೆಗೆ ಬರುವಂತೆ ಬರಿಗೈಯಲ್ಲಿ. ನೆರೆಮನೆಯ ಸತ್ತೆವ್ವ ಮಾತ್ರ ಒಂದು ಬಟ್ಟಲು ಬಿಸಿ ಬೇಳೆಕಟ್ಟು ತಂದು, ಸದ್ದಿಲ್ಲದೆ ಮಂಗಲಳ ಕೈಗಿಟ್ಟು ಹೋದಳು.

ಲಕ್ಷ್ಮಿಬಾಯಿ ಬಟ್ಟಲನ್ನು ನೋಡಲೂ ಇಲ್ಲ. ಅವಳ ಕಾಲು ಬಾತು, ಬೇರೆ ಯಾರದ್ದೋ ಕಾಲಿನಂತೆ ಹೊರಕ್ಕೆ ತಿರುಗಿ ಬಿದ್ದಿತ್ತು.

"ಮಂಗಲಾ, ಮುನಿಗಳಿಗೆ ಹೇಳಿ ಕಳಸು. ಅನ್ನ ನೀರು ಬಿಡೂ ಸಲ್ಲೇಖನ ವ್ರತ ತಗೋತೇನಿ. ಮಿರಜಿಗೆ ಹೋಗಿ ಕೊಯ್ಸಿಕೊಂಡ ಸಾಯೂದ್ಯಾಕ?"

"ಅವ್ವಾ, ಹಂಗ ಅನಬ್ಯಾಡ..."

"ಅಂವಾ ಕೈ ತಗದಾನವ್ವಾ. ಇನ್ನೇನ ಉಳಿದೈತಿ?"

ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ಆ ದಿನ ಒಂದು ಗುಟುಕು ನೀರೂ ಅವಳ ಗಂಟಲಿಗೆ ಇಳಿಯಲಿಲ್ಲ. 'ಈ ಮನುಷ್ಯನನ್ನ ನಾ ಎಂದೂ ಕ್ಷಮಿಸೂದಿಲ್ಲ...' ಎಂದುಕೊಂಡಳು ಮಂಗಲ.

ಮರುದಿನ ಬೆಳಿಗ್ಗೆ ಅದೇ ಮನುಷ್ಯ ಬಾಗಿಲಲ್ಲಿ ನಿಂತಿದ್ದ. ಬಗಲಲ್ಲಿ ಬಿದಿರಿನ ಪಟ್ಟಿಗಳು, ಹರಿದ ಧೋತರದ ಸುರುಳಿ. ಎಲ್ಲರೂ ನೋಡುತ್ತಿರುವಾಗಲೇ ಹೊಸ್ತಿಲು ದಾಟಿ ಒಳಗೆ ಬಂದ.

"ಒಂದ ತಂಬಗಿ ನೀರ ಕೊಡ್ರಿ."

ಮಂಗಲ ತಂಬಿಗೆ ತುಂಬಿ ತಂದುಕೊಟ್ಟಳು. ಅವನು ಗಟಗಟನೆ ಕುಡಿದ.

"ಈ ಮನ್ಯಾಗ ನೀರ ಕುಡದೇನೋ?" ಕಾಕಾನ ಧ್ವನಿ ಇಳಿದುಹೋಗಿತ್ತು.

ಪಾರಿಸ ಮಂಚದ ಬಳಿ ಕೂತ. "ಅವ್ವಾರ, ನೀವ್ ಸಾಯ್ತೀರಂತ ನಾ ಕೈ ತಗೀಲಿಲ್ಲ. ಹೆದರಿ ತಗದೆ. ಸ್ಟೀಲ್ ಮುರದಿಲ್ಲ, ಅದರ ಸುತ್ತ ಇರೂ ನಿಮ್ಮ ಎಲುಬ ಸೀಳೈತಿ. ಕಟಗ್ಯಾಗ ಬಡದ ಮೊಳಿ ಮುರಿಯೂದಿಲ್ಲ, ಕಟಗಿ ಸೀಳತೈತಿ. ಜಗ್ಗಿದ್ರ ಆ ಸೀಳು ಕೆಳಗಿನ ತನಕಾ ಹೋಗತೈತಿ."

"ಅದನ್ನ ನಿನ್ನೇನ ಹೇಳಾಕ ಏನಾಗಿತ್ರಿ?" ಮಂಗಲ ಕೇಳಿದಳು.

ಅವನು ತಲೆ ತಗ್ಗಿಸಿದ. "ಹೋದ ವರ್ಷ ನಮ್ಮಪ್ಪ ಇಂಥಾದ್ದ ಒಂದ ಕಾಲ ಜಗ್ಗಿದ. ಆ ಮುದುಕಪ್ಪನ ಕಾಲ ಹೋತು. ಅವತ್ತಿಂದ ಅಪ್ಪ ಯಾರ ಎಲುಬೂ ಮುಟ್ಟಿಲ್ಲ. ಈ ಮಾತ ಊರಾಗ ಆಡಬಾರದಂತ ಆಣಿ ಹಾಕಿಸಿದ್ದ... ಇವತ್ತ ಮುರದೆ."

ಲಕ್ಷ್ಮಿಬಾಯಿ ನಿಧಾನವಾಗಿ ಗೋಡೆಯಿಂದ ಮುಖ ತಿರುಗಿಸಿದಳು.

"ಹಂಗಾರ ಕೈ ಹಚ್ಚಪಾ."

ಅವನು ಜಗ್ಗಲಿಲ್ಲ, ತಿಕ್ಕಲಿಲ್ಲ. ಕಾಲು ಇದ್ದ ಹಾಗೆಯೇ ಪಟ್ಟಿ ಇಟ್ಟು, ಅಲುಗಾಡದಂತೆ ಕಟ್ಟಿದ.

ಟೆಂಪೋದಲ್ಲಿ ಮಿರಜಿನ ದಾರಿಯುದ್ದಕ್ಕೂ ಅವನು ಆ ಕಾಲನ್ನು ಎರಡೂ ಕೈಯಲ್ಲಿ ಹಿಡಿದೇ ಕೂತಿದ್ದ. ಕೃಷ್ಣೆಯ ಸೇತುವೆ ಬರುವಷ್ಟರಲ್ಲಿ ಲಕ್ಷ್ಮಿಬಾಯಿಯ ಕಣ್ಣು ಮುಚ್ಚಿದ್ದವು. ತುಟಿ ಬಿಳಚಿಕೊಂಡಿತ್ತು.

"ಅವ್ವಾ... ಅವ್ವಾ..."

"ಕಾಲ ಬೆರಳ ಬೆಚ್ಚಗದಾವ್ರಿ," ಎಂದ ಪಾರಿಸ. "ರಕ್ತ ಆಡಾಕತ್ತೈತಿ. ಮುಟ್ಟಿ ನೋಡ್ರಿ." ತಾನು ಪಕ್ಕಕ್ಕೆ ಸರಿದು ಮಂಗಲಳಿಗೆ ಜಾಗ ಮಾಡಿಕೊಟ್ಟ.

ಆಪರೇಶನ್ ಮೂರು ತಾಸು ನಡೆಯಿತು. ಹೊರಬಂದ ಡಾಕ್ಟರು ಬೆವರೊರೆಸಿಕೊಂಡರು. "ಹಾಕಿದ ಕೀಲು ಸಡಿಲಾಗಿಲ್ಲ. ಒಡೆದ ಎಲುಬಿಗೆ ತಂತಿ ಸುತ್ತಿ, ಲೋಹದ ಪಟ್ಟಿ ಕೂಡಿಸಿದ್ದೇವೆ. ಯಾರಾದರೂ ಜಗ್ಗಿದ್ದರೆ ಇಷ್ಟು ಉಳಿಯುತ್ತಿರಲಿಲ್ಲ. ಇನ್ನು ಕೀವಾಗದಿದ್ದರೆ ಸಾಕು. ಮೂರು ತಿಂಗಳು ಆ ಕಾಲ ಮೇಲೆ ಭಾರ ಬೀಳಬಾರದು."

ಆ ರಾತ್ರಿಯೇ ಜ್ವರ ಬಂತು. ಎರಡು ದಿನ ಲಕ್ಷ್ಮಿಬಾಯಿ ಸತ್ತುಹೋದ ಗಂಡನ ಜೊತೆ ಮಾತಾಡುತ್ತಿದ್ದಳು. ಮೂರನೆಯ ದಿನ ಜ್ವರ ಇಳಿಯಿತು. ಅವಳು ಕಣ್ಣು ಬಿಟ್ಟು, ಜೋಳದ ಗಂಜಿ ಕೇಳಿದಳು.

ಗಂಜಿ ಕುಡಿಸಿ, ತಾಯಿಯ ಬಳಿ ಒಂದಿಷ್ಟು ಹೊತ್ತು ಕೂತು ಪಿಸುಮಾತಾಡಿ, ಮಂಗಲ ವರಾಂಡಕ್ಕೆ ಬಂದಳು. ಪಾರಿಸ ಮೂರೂ ದಿನ ಅಲ್ಲಿಯ ಬೆಂಚಿನ ಮೇಲೆಯೇ ಕೂತಿದ್ದ.

"ಮನಿಗೆ ಹೋಗಲಿಲ್ರೇನು?"

"ಅಪ್ಪ ಬಾಗಲಾ ತಗೀತಾನೋ ಇಲ್ಲೋ, ಗೊತ್ತಿಲ್ರಿ."

ಅವಳ ಕಣ್ಣು ತುಂಬಿದವು. "ಅವತ್ತ ನಾ ಅಂದದ್ದು..."

"ಖರೇನ ಅಂದ್ರಿ. ಅದಕ್ಕ ತಿರುಗಿ ಬಂದೆ." ಅವನು ನೆಲ ನೋಡುತ್ತಲೇ ಮುಂದುವರಿಸಿದ. "ಮೂರ ತಿಂಗಳ ದಿನಾ ಬಂದು ಅವ್ವಾರ ಕಾಲಿಗೆ ಕಸರತ್ ಮಾಡಸ್ತೇನ್ರಿ. ನೀವ್ ಹೂಂ ಅಂದ್ರ."

"ಮೂರ ತಿಂಗಳಾದ ಮ್ಯಾಲ?"

"...ಆಮ್ಯಾಲೂ ಬರಬೇಕಂತ ಮನಸ್ಸೈತ್ರಿ. ನಿಮ್ಮನ್ನ ನೋಡಾಕ."

"ಆಮ್ಯಾಲ ಬರಬ್ಯಾಡ್ರಿ."

ಅವನ ಮುಖ ಬಾಡಿತು. ಮಂಗಲ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ನಾನ ದಿಗ್ಗೇವಾಡಿಗೆ ನಿಮ್ಮ ಮನಿಗೆ ಬರ್ತೇನಿ. ನಮ್ಮವ್ವ ನಡಕೋತ ಬಂದು ನನ್ನ ಬಿಟ್ಟ ಹೋಗಬೇಕು."

ಪಾರಿಸ ಬೆಂಚಿನಿಂದ ಎದ್ದು ನಿಂತ. "ಅವ್ವಾರನ್ನ ಕೇಳೀರೇನ್ರಿ?"

"ಈಗ ಕೇಳಿ ಬಂದೆ."

"ಏನಂದ್ರು?"

"ಲಗೂನ ನಡಸಂತ ಹೇಳು ಅವಂಗ, ಅಂದ್ಲು."